ಪ್ರಶ್ನೆಯ ಶುಕ್ರವಾರ

ಈ ಸಲ ಕರ್ತನ ಮೇಜಿಗೆ ಹೋಗಿಯೇ ಬಿಡುವುದೆಂದು ಎಫೀ ಮನಸ್ಸು ಗಟ್ಟಿ ಮಾಡಿದ್ದಳು. ಹೇಳುವುದಕ್ಕೇನು, ಸುಲಭ. ಬಡಗಣ ಕಡಲಿನ ಅವಳ ದ್ವೀಪದಲ್ಲಿ ಹುಟ್ಟಿ, ಒಂದು ಭಾನುವಾರವೂ ಆರಾಧನೆ ತಪ್ಪಿಸದೆ, ಕರ್ತನ ನೆನಪಿಗೆಂದು ಆ ಮೇಜಿನಲ್ಲಿ ಹಂಚುವ ರೊಟ್ಟಿಯ ಚೂರನ್ನೂ ದ್ರಾಕ್ಷಾರಸದ ಬಟ್ಟಲನ್ನೂ ಜನ್ಮದಲ್ಲಿ ಒಮ್ಮೆಯೂ ಮುಟ್ಟದೆ ಮಣ್ಣಿಗೆ ಹೋದವರೇ ಹೆಚ್ಚು. ನಂಬಿಕೆ ಗಟ್ಟಿಯೋ ಜೊಳ್ಳೋ ಎಂದು ಖಾತ್ರಿಯಾಗದೆ ಆ ಮೇಜಿಗೆ ಕೈಚಾಚಿದವನು ತನ್ನ ಶಿಕ್ಷೆಯನ್ನು ತಾನೇ ಬಾಯಿಗಿಟ್ಟುಕೊಂಡಂತೆ ಎಂಬುದು ಅಲ್ಲಿನ ಎಳೆಮಕ್ಕಳಿಗೂ ಗೊತ್ತು. ಕಂಠಪೂರ್ತಿ ಕುಡಿಯುವ ಗಂಡಸರು ಕೂಡ ಅದೊಂದು ವಿಷಯದಲ್ಲಿ ಹುಡುಗಾಟ ಆಡುತ್ತಿರಲಿಲ್ಲ.

ಎಫೀಯನ್ನು ಇಷ್ಟು ದಿನ ತಡೆದದ್ದು ಒಂದೇ ಸಂಗತಿ. ಮೂರು ವರ್ಷದ ಹಿಂದೆ ಅವಳ ಗಂಡ ಯೂವನ್‌ನ ಮೀನುದೋಣಿ ಮುಳುಗಿದ ಸುದ್ದಿ ಬಂದಾಗ ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಸುದ್ದಿ ತಂದವರು ಅತ್ತೆಗೆ ಹೇಳಲು ಒಳಗೆ ಹೋದರು. ಇವಳ ಕೈ ಹಸುವಿನ ಕೆಚ್ಚಲಿನ ಮೇಲೇ ಇತ್ತು. ಆಗ ಧರ್ಮಗ್ರಂಥದ ಕೀರ್ತನೆಯ ಒಂದು ಸಾಲು, ಯಾರೋ ಪಕ್ಕದಲ್ಲಿ ಕೂತು ಹೇಳಿದ ಹಾಗೆ, ಎದೆಯೊಳಗೆ ಇಳಿಯಿತು. ಅದರ ಹಿಂದೆಯೇ ಒಂದು ಸಮಾಧಾನ. ಅಬ್ಬಾ, ಅಂಥ ಸಮಾಧಾನವನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಅಂದಿನಿಂದ ಪ್ರಾರ್ಥನೆ ರುಚಿಸಿತು, ದೇವರು ಹತ್ತಿರ ಅನ್ನಿಸಿದ. ಆದರೆ ಇದು ದೇವರ ಕೃಪೆಯೋ, ಅಥವಾ ಇನ್ನು ಮೇಲೆ ಯಾರೂ ತನ್ನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಚಚ್ಚುವುದಿಲ್ಲ ಎಂಬ ನೆಮ್ಮದಿಯೋ? ಹೇಗೆ ತಿಳಿಯುವುದು? ಯಾರನ್ನು ಕೇಳುವುದು?

ಅತ್ತೆ ಮೇರಿಯನ್‌ಳನ್ನು ಕೇಳುವ ಹಾಗಿರಲಿಲ್ಲ. ಮಗನೆಂದರೆ ಪ್ರಾಣ ಬಿಡುತ್ತಿದ್ದ ಮುದುಕಿ ಅವನು ಹೋದ ಮೇಲೆ ಸೊಸೆಯನ್ನೇ ಮಗಳೆಂದು ಕರೆದು, ಅವಳ ತಟ್ಟೆಗೆ ಬಡಿಸಿದ ಮೇಲೆಯೇ ತಾನು ತಿನ್ನುತ್ತಿದ್ದಳು. ಎಫೀಗೆ ಉಳಿದವರು ಅವಳ ದೊಡ್ಡಪ್ಪ ಟೊರ್ಮೊಡ್ ಒಬ್ಬರೇ. ಅಪ್ಪ ಸತ್ತ ಮೇಲೆ ಸಾಕಿದವರು, ಚರ್ಚಿನ ಸಭೆಯ ಹಿರಿಯರಲ್ಲೊಬ್ಬರು, ಆತ್ಮದ ಸೂಕ್ಷ್ಮ ಬಲ್ಲವರೆಂದು ನಾಲ್ಕೂರಿಗೆ ಹೆಸರಾದವರು. ಈ ವಸಂತದಲ್ಲಿ, ಒಣಗಿಸಿ ಒಲೆಗೆ ಉರುವಲು ಮಾಡುವ ಜೌಗುಮಣ್ಣಿನ ಹೆಂಟೆ ಕೊಯ್ಯುತ್ತಿದ್ದಾಗ, ಅವಳು ಅವರಿಗೆ ಎಲ್ಲವನ್ನೂ ಬಿಚ್ಚಿ ಹೇಳಿದಳು. ಗುದ್ದಲಿ ಊರಿ ನಿಂತು ಕೇಳಿದ ದೊಡ್ಡಪ್ಪನ ಕಣ್ಣು ಒದ್ದೆಯಾಯಿತು.

"ಅನುಮಾನ ಪಡ್ತಿದೀಯಲ್ಲ, ಅದೇ ಜೀವ ಇರೋ ಗುರುತು ಕಣೇ ಮಗಳೇ. ಸತ್ತ ಹಲ್ಲು ನೋಯುತ್ತೇನು? ಬೇಸಿಗೇಲಿ ಹಿರಿಯರ ಮುಂದೆ ಬಾ, ನಾನಿರ್ತೀನಿ."

"ದೊಡ್ಡಪ್ಪ, ಈ ಮಾತು..."

"ನಂಗೆ, ನಿಂಗೆ, ಆ ದೇವರಿಗೆ. ನಾಲ್ಕನೇ ಕಿವಿಗೆ ಬೀಳಲ್ಲ."

ಎಫೀ ಅಂದು ಮನೆಗೆ ಹಾಡಿಕೊಂಡು ಬಂದಳು.

ಬೇಸಿಗೆಯಲ್ಲಿ ಮೇಜಿನ ವಾರ ಬಂತು. ಬೇರೆ ಬೇರೆ ಊರುಗಳಿಂದ ಜನ ದೋಣಿ ಹತ್ತಿ, ಗಾಡಿ ಹತ್ತಿ ಬಂದಿಳಿದರು. ಪ್ರತಿ ಮನೆಯಲ್ಲೂ ನೆಲದ ತುಂಬ ಹಾಸಿಗೆ, ಒಲೆಯ ಮೇಲೆ ಕುರಿಮಾಂಸದ ಸಾರು. ಗುರುವಾರ ಉಪವಾಸ, ಶನಿವಾರ ಹಿರಿಯರ ಪರೀಕ್ಷೆ, ಭಾನುವಾರ ಮೇಜು. ಆದರೆ ಎಲ್ಲರೂ ಬಾಯಿಬಿಟ್ಟು ಕಾಯುವುದು ಶುಕ್ರವಾರಕ್ಕೆ. ಅಂದು ಪಾದ್ರಿಗಳು ಬರೀ ಕೂತು ಕೇಳಬೇಕು, ಮಾತು ಹಿರಿಯರದ್ದು. ಯಾರೋ ಒಬ್ಬ ಮುದುಕ ಎದ್ದು ಪ್ರಶ್ನೆ ಇಡುತ್ತಾನೆ: ನಿಜವಾದ ವಿಶ್ವಾಸಿಯ ಗುರುತೇನು, ಸೋಗಿನವನ ಗುರುತೇನು? ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಬ್ಬಿಸುತ್ತಾರೆ. ಪುಸ್ತಕದ ಮಾತು ಆಡಿದರೆ ಯಾರೂ ಮೂಸಿ ನೋಡುವುದಿಲ್ಲ. ಕಂಡದ್ದು, ಉಂಡದ್ದು ಹೇಳಬೇಕು.

ಆ ಶುಕ್ರವಾರ ಗುಡ್ಡದ ಬುಡದ ಹುಲ್ಲಿನ ಮೇಲೆ ಜನವೋ ಜನ. ಎಫೀ ಅತ್ತೆಯ ಪಕ್ಕದಲ್ಲಿ ಕೂತಿದ್ದಳು. ಪಕ್ಕದ ದ್ವೀಪದಿಂದ ಬಂದ ಒಬ್ಬ ಕುರುಡ ಹಿರಿಯ ಮೊದಲು ಮಾತಾಡಿ, ಹೆಂಗಸರ ಕರವಸ್ತ್ರವೆಲ್ಲ ನೆನೆಸಿಬಿಟ್ಟ. ಮುಂದಿನ ಹೆಸರು ಟೊರ್ಮೊಡ್. ದೊಡ್ಡಪ್ಪ ಎದ್ದು ಗಂಟಲು ಸರಿಮಾಡಿಕೊಂಡರು. ಎಫೀಗೆ ಆ ಗಂಟಲಿನ ಸದ್ದು ಚೆನ್ನಾಗಿ ಗೊತ್ತು. ಸಂತೆಯಲ್ಲಿ ಬೇರೆಯವರ ಟಗರು ತಮ್ಮದಕ್ಕಿಂತ ಚೆನ್ನಾಗಿ ಕಂಡಾಗಲೂ ಅವರು ಹಾಗೇ ಕೆಮ್ಮಿ, ತಮ್ಮದನ್ನು ಮುಂದೆ ತರುತ್ತಿದ್ದರು.

"ಸೋಗಿನವನಿಗೆ ಸಮಾಧಾನ ಸಿಕ್ಕರೆ ಎರಡೂ ಕೈಲಿ ಬಾಚ್ಕೋತಾನೆ," ಎಂದರು. "ದೇವರ ಮಗು ಹಂಗಲ್ಲ, ತಿರುಗಿಸಿ ತಿರುಗಿಸಿ ನೋಡುತ್ತೆ. ನಂಗೊಬ್ಬಳು ಹೆಂಗಸು ಗೊತ್ತು. ಹಾಲು ಕರೀತಾ ಕೂತಿದ್ದಾಗ ಗಂಡ ಸಮುದ್ರದ ಪಾಲಾದ ಅಂತ ಸುದ್ದಿ ಬಂತು. ಅದೇ ಗಳಿಗೇಲಿ ಅವಳ ಎದೆಗೆ ದೇವರ ವಾಕ್ಯ ಬಂತು, ಶಾಂತಿ ಬಂತು. ಬೇರೆಯವಳಾಗಿದ್ರೆ ಕುಣಿದಾಡೋಳು. ಇವಳು ಮೂರು ವರ್ಷ ತನ್ನನ್ನೇ ಕೇಳ್ಕೊಂಡಳು. ಅಯ್ಯೋ ದೇವರೇ, ಇದು ನಿನ್ನ ಶಾಂತಿಯೋ, ಇಲ್ಲಾ ನನ್ನ ಹೊಡೀತಿದ್ದ ಕೈ ತಣ್ಣಗಾಯ್ತು ಅನ್ನೋ ಸಂತೋಷವೋ ಅಂತ! ಬಂಧುಗಳೇ, ಇದಕ್ಕಿಂತ ದೊಡ್ಡ ಗುರುತು ಬೇಕಾ?"

ಜನ ನಿಟ್ಟುಸಿರು ಬಿಟ್ಟರು. ಕುರುಡ ಹಿರಿಯ ತಲೆದೂಗಿದ. ಎಫೀಯ ಮೈಯ ರಕ್ತವೆಲ್ಲ ಮುಖಕ್ಕೆ ಏರಿ, ಹಾಗೇ ಪಾದಕ್ಕೆ ಇಳಿಯಿತು. ಮುಂದಿನ ಸಾಲಿನ ಊರ ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಅತ್ತೆ ತಿರುಗಲಿಲ್ಲ. ಇಬ್ಬರ ಮಂಡಿಯ ಮೇಲೂ ಹೊದೆದುಕೊಂಡಿದ್ದ ಶಾಲನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು, ಅಷ್ಟೇ.

ಕೂಟ ಮುಗಿದಾಗ ದೊಡ್ಡಪ್ಪನ ಸುತ್ತ ಕೈಕುಲುಕುವವರ ಗುಂಪು. ಎಫೀ ಕಾದು, ಕಲ್ಲುಗೋಡೆಯ ಹತ್ತಿರ ಅವರನ್ನು ಹಿಡಿದಳು.

"ಯಾಕೆ ಹೀಗೆ ಮಾಡಿದ್ರಿ ದೊಡ್ಡಪ್ಪ?"

"ಹೆಸರು ಹೇಳಿದ್ನೇನೇ ನಾನು?"

"ಈ ಊರಲ್ಲಿ ಗಂಡ ಮುಳುಗಿದಾಗ ಹಾಲು ಕರೀತಿದ್ದೋರು ಎಷ್ಟು ಜನ ಇದಾರೆ? ಹೆಸರು ಬೇರೆ ಹೇಳ್ಬೇಕಿತ್ತಾ? ನಾಲ್ಕನೇ ಕಿವಿಗೆ ಬೀಳಲ್ಲ ಅಂದಿದ್ರಿ."

"ಎಫೀ, ನಿನ್ನನ್ನ ಹೊಗಳಿದೀನಿ ಕಣೇ! ನಿನ್ನಂಥೋರು ಎಷ್ಟು ಜನ ಅನುಮಾನದಲ್ಲಿ ನರಳ್ತಿದಾರೋ, ಅವರಿಗೆಲ್ಲ ಇವತ್ತು ನಿನ್ನಿಂದ ಧೈರ್ಯ ಬಂತು. ದೇವರು ಕೊಟ್ಟಿದ್ದನ್ನ ಗಂಟು ಕಟ್ಟಿ ಇಟ್ಕೊಳ್ಳೋಕಾಗುತ್ತಾ?"

ಅವರ ಮುಖದಲ್ಲಿ ಇನ್ನೂ ಜನರ ಮೆಚ್ಚುಗೆಯ ಹೊಳಪಿತ್ತು. ಬೈದು ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದಳು. ತನ್ನ ಎದೆಯನ್ನು ಸೀಳಿ ತೋರಿಸಿ, ಅದಕ್ಕೆ ಶಹಬ್ಬಾಸ್ ಬೇರೆ ಕೇಳುತ್ತಾರಲ್ಲ ಈ ಮನುಷ್ಯ!

ಮನೆಯಲ್ಲಿ ನೆಂಟರಿಗೆ ಬಡಿಸಬೇಕಿತ್ತು, ಬಡಿಸಿದಳು. ದೂರದೂರಿನ ಒಬ್ಬ ಹೆಂಗಸು ಸಾರು ಹೀರುತ್ತ, "ಆ ಹಾಲು ಕರೆಯೋಳ ಮಾತು ಎಷ್ಟು ಚೆನ್ನಾಗಿತ್ತು ಅಲ್ವಾ? ಪುಣ್ಯವಂತೆ! ಯಾರಂತೆ ಅವಳು?" ಎಂದಳು. ಎಫೀ ಅವಳ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು.

ಒಳಕೋಣೆಯಲ್ಲಿ ಅತ್ತೆ ಬಟ್ಟೆ ಗಂಟು ಕಟ್ಟುತ್ತಿದ್ದಳು.

"ಎಲ್ಲಿಗೆ ಅತ್ತೆ?"

"ಡಾಲಿನಾ ಮನೆಗೆ. ಹೆತ್ತ ಮಗಳು, ಒಂದು ಮೂಲೆ ಕೊಡ್ತಾಳೆ."

"ಅತ್ತೆ, ನನ್ನ ಮಾತು ಸ್ವಲ್ಪ ಕೇಳಿ."

"ಅವನು ಹೊಡೀತಿದ್ದದ್ದು ನಂಗೆ ಗೊತ್ತಿರ್ಲಿಲ್ಲ ಅನ್ಕೊಂಡ್ಯಾ? ಗೋಡೆಯಾಚೆ ಮಲಗಿರ್ತಿದ್ದೋಳು ನಾನು. ತಪ್ಪು ಅವನದ್ದೇ. ನಾನೂ ಎದ್ದು ಬರಲಿಲ್ಲ, ಅದು ನನ್ನ ತಪ್ಪು." ಮುದುಕಿ ಗಂಟನ್ನು ಇನ್ನೊಮ್ಮೆ ಬಿಗಿದಳು. "ಆದ್ರೆ ಮೂರು ವರ್ಷ ನನ್ ಜೊತೆ ಕೂತು ಅವನಿಗೋಸ್ಕರ ಅತ್ತಿದ್ಯಲ್ಲೇ. ಅದೇನದು?"

"ಅದೂ ನಿಜಾನೇ ಅತ್ತೆ. ದೇವರಾಣೆಗೂ ನಿಜ."

"ಯಾವುದು ನಿಜ ಅಂತ ನಿಂಗೇ ಗೊತ್ತಿಲ್ಲ ಅಂತ ನಿಮ್ ದೊಡ್ಡಪ್ಪ ಊರಿಗೆಲ್ಲ ಸಾರಿ ಆಯ್ತಲ್ಲ. ನಾನು ಹೆಂಗೆ ನಂಬ್ಲಿ?"

ಅತ್ತೆ ಹೋದಳು. ಆ ರಾತ್ರಿ ಎಫೀ ತನ್ನ ಸಮಾಧಾನಕ್ಕಾಗಿ ಎದೆಯೆಲ್ಲ ತಡಕಾಡಿದಳು. ಕೀರ್ತನೆಯ ಸಾಲನ್ನು ಮತ್ತೆ ಮತ್ತೆ ಹೇಳಿಕೊಂಡಳು. ಅದು ಈಗ ದೊಡ್ಡಪ್ಪನ ದನಿಯಲ್ಲಿ ಕೇಳಿಸಿತು.

ಶನಿವಾರ ಹಿರಿಯರು ಸಭೆಯ ಪಕ್ಕದ ಕೋಣೆಯಲ್ಲಿ ಸಾಲಾಗಿ ಕೂತಿದ್ದರು. ಪರೀಕ್ಷೆಯಲ್ಲಿ ಗೆದ್ದವರಿಗೆ ಒಂದು ಸೀಸದ ಬಿಲ್ಲೆ ಕೊಡುತ್ತಾರೆ. ಅದಿಲ್ಲದೆ ಭಾನುವಾರ ಮೇಜಿನ ಹತ್ತಿರ ಸುಳಿಯುವಂತಿಲ್ಲ. ಪಾದ್ರಿ ಮ್ಯಾಕ್‌ವೀನ್ ಎಫೀಯನ್ನು ಕಂಡು ಮುಗುಳ್ನಕ್ಕರು.

"ಎಫೀ, ನಿನ್ನನ್ನ ಹೆಚ್ಚೇನೂ ಕೇಳೋದಿಲ್ಲಮ್ಮ. ನಿಮ್ ದೊಡ್ಡಪ್ಪನ ಸಾಕ್ಷಿಯೇ ಸಾಕು. ಎಲ್ಲರನ್ನೂ ಕೇಳೋ ಒಂದು ಮಾತು ಕೇಳಿಬಿಡ್ತೀನಿ. ಯಾರ ಮೇಲಾದ್ರೂ ದ್ವೇಷ ಇಟ್ಕೊಂಡು ಈ ಮೇಜಿಗೆ ಬರ್ತಿದೀಯಾ?"

ಎಲ್ಲರೂ ಇಲ್ಲ ಅನ್ನುತ್ತಾರೆ. ಬೇಲಿ ಜಗಳದಲ್ಲಿ ಹತ್ತು ವರ್ಷ ಮಾತು ಬಿಟ್ಟವರೂ ಇಲ್ಲ ಅನ್ನುತ್ತಾರೆ. ದೊಡ್ಡಪ್ಪ ಆಗಲೇ ಬಿಲ್ಲೆಯನ್ನು ಕೈಗೆ ತೆಗೆದುಕೊಂಡಿದ್ದರು. ಒಂದೇ ಒಂದು ಮಾತು. ಅಷ್ಟು ಹೇಳಿದರೆ ಅಪ್ಪ ಅಮ್ಮನಿಗೂ ಸಿಗದ ಜಾಗ ಅವಳದಾಗುತ್ತಿತ್ತು. ಊರೂ ಬಾಯಿ ಮುಚ್ಚುತ್ತಿತ್ತು. ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಕೈ ತಾನಾಗಿ ಬಿಲ್ಲೆಯ ಕಡೆಗೆ ಅರ್ಧ ಚಾಚಿಯೂ ಆಗಿತ್ತು.

"ಇದೆ ಅಯ್ಯಾ," ಎಂದಳು. "ಅಲ್ಲಿ ಬಿಲ್ಲೆ ಹಿಡ್ಕೊಂಡು ಕೂತಿದಾರಲ್ಲ, ಅವರ ಮೇಲೆ."

ಹಿರಿಯರೆಲ್ಲ ನೆಲ ನೋಡಿದರು. ಟೊರ್ಮೊಡ್ ಎದ್ದು ನಿಂತರು.

"ಎಫೀ! ಸೈತಾನನ ಮಾತು ಕಣೇ ಇದು. ನನ್ನಾಣೆ, ಇನ್ನೊಂದ್ಸಲ ನಿನ್ನ ಮನಸ್ಸನ್ನ ಪರೀಕ್ಷೆ ಮಾಡ್ಕೋ."

"ಮಾಡ್ಕೊಂಡೇ ಬಂದೆ ದೊಡ್ಡಪ್ಪ. ನನ್ ನಂಬಿಕೆ ನಿಜವೋ ಸುಳ್ಳೋ ಅಂತ ಮೂರು ವರ್ಷ ಒದ್ದಾಡಿ ನಿಮ್ಮನ್ನ ಕೇಳ್ದೆ. ಈ ದ್ವೇಷದ ಬಗ್ಗೆ ಯಾರನ್ನೂ ಕೇಳಬೇಕಾಗಿಲ್ಲ. ಇದು ನಿಜ."

ಅವಳು ಶಾಲು ಹೊದ್ದು ಹೊರಟಳು. ಬಾಗಿಲ ಹೊರಗೆ ಸರದಿಯಲ್ಲಿ ನಿಂತಿದ್ದವರು ಅವಳ ಬರಿಗೈ ನೋಡಿ ದಾರಿ ಬಿಟ್ಟರು.