ಐವತ್ತನೆಯ ಹಕ್ಕಿ

ಆ ಪುಟವನ್ನು ಹರಿದು ಒಲೆಗೆ ಹಾಕಿಬಿಡೋಣವೆಂದು ಅವತ್ತು ಮಧ್ಯಾಹ್ನದಿಂದ ಸಂಜೆಯೊಳಗೆ ಮೂರು ಸಲ ಕೈ ಇಟ್ಟೆ. ಮೂರು ಸಲವೂ ಪುಸ್ತಕ ಮುಚ್ಚಿದೆ. ತಂಗಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಆರು ಗಂಟೆಗೆ ಬರುತ್ತಾಳೆ. ಬಂದವಳು ಮೊದಲು ಮಗಳನ್ನು ಎತ್ತಿಕೊಳ್ಳುತ್ತಾಳೆ, ಆಮೇಲೆ ನನ್ನ ಹಕ್ಕಿ ಪುಸ್ತಕ ತೆಗೆದು, "ಇವತ್ತು ಯಾವ ನೆಂಟರು ಬಂದಿದ್ರು?" ಎಂದು ನಗುತ್ತ ಓದುತ್ತಾಳೆ. ಅವತ್ತಿನ ನೆಂಟರ ಪಟ್ಟಿಯನ್ನು ಅವಳು ಓದಿದರೆ ಮಗುವನ್ನು ಇನ್ನೊಮ್ಮೆ ನನ್ನ ಮನೆ ಹೊಸ್ತಿಲು ದಾಟಿಸುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ನಾನು ಟೈಲರ್. ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲೇ ಹೊಲಿಗೆ ಮೆಷಿನ್. ಕಿಟಕಿಯಾಚೆ ಹಿತ್ತಲು. ಉದ್ದಕ್ಕೆ ಹನ್ನೆರಡು ಹೆಜ್ಜೆ, ಅಡ್ಡಕ್ಕೆ ಏಳು. ಅದರಲ್ಲೇ ಒಂದು ಸೀಬೆ ಮರ, ಬಟ್ಟೆ ಒಣಹಾಕುವ ತಂತಿ, ಒಗೆಯುವ ಕಲ್ಲು. ಹಿಂಬಾಗಿಲ ಮೆಟ್ಟಿಲ ಪಕ್ಕ ಒಡೆದ ಹೂಕುಂಡಗಳ ರಾಶಿ. ಇವತ್ತು ಎಸೆಯುತ್ತೇನೆ, ನಾಳೆ ಎಸೆಯುತ್ತೇನೆ ಎನ್ನುತ್ತ ಅದಕ್ಕೆ ಎರಡು ವರ್ಷ ತುಂಬಿತ್ತು. ಈ ಅಂಗೈ ಅಗಲದ ಜಾಗಕ್ಕೆ ಬರುವ ಹಕ್ಕಿಗಳನ್ನೆಲ್ಲ ನಾನು ಮೂರು ವರ್ಷದಿಂದ ಬರೆದಿಡುತ್ತಿದ್ದೆ. ಹೆಸರು, ಗಂಟೆ, ನಿಮಿಷ. ಗೋಡೆಯೊಳಗೆ ಬಂದರೆ ಮಾತ್ರ ಲೆಕ್ಕ. ಬೀದಿಯಲ್ಲಿ ಕಂಡದ್ದು, ಆಕಾಶದಲ್ಲಿ ಹಾರಿದ್ದು ನಮ್ಮವಲ್ಲ. ಹೀಗೆ ನಲವತ್ತೊಂಬತ್ತು ಜಾತಿ ಆಗಿದ್ದವು. ನಲವತ್ತೊಂಬತ್ತಕ್ಕೆ ಬಂದು ಏಳು ತಿಂಗಳಿಂದ ಅಲ್ಲೇ ನಿಂತಿತ್ತು, ಪೇಟೆಯಲ್ಲಿ ಕೆಟ್ಟು ನಿಂತ ಬಸ್ಸಿನ ಹಾಗೆ.

ಮಗುವಿಗೆ ಒಂದು ವರ್ಷ ಎರಡು ತಿಂಗಳು. ಹುಟ್ಟಿದಾಗ ಬೊಗಸೆಯಷ್ಟಿದ್ದಳೆಂದು ಎಲ್ಲರೂ ಬಟಾಣಿ ಎನ್ನುತ್ತೇವೆ. ತಂಗಿಯ ಗಂಡ ಲಾರಿ ಓಡಿಸುತ್ತಾನೆ, ಮನೆ ಸೇರುವುದು ವಾರಕ್ಕೊಮ್ಮೆ. ಹೆರಿಗೆ ರಜೆ ಮುಗಿದಾಗ ಮಗು ಯಾರ ಹತ್ತಿರ ಎಂಬ ಪ್ರಶ್ನೆ ಬಂತು. ನಾನಿದ್ದೀನಲ್ಲ ಎಂದೆ. ತಂಗಿ, "ಅಕ್ಕಾ, ನಿನ್ನ ಕಣ್ಣು ಯಾವಾಗ್ಲೂ ಮರದ ಮೇಲೆ. ನನ್ನ ಮಗು ಇರೋದು ನೆಲದ ಮೇಲೆ," ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. "ಹೆತ್ತೋರಿಗೆ ಮಾತ್ರಾನಾ ಕಣ್ಣಿರೋದು?" ಎಂದು ಕೇಳಿಬಿಟ್ಟೆ. ನನಗೆ ಮಕ್ಕಳಿಲ್ಲ. ಅವಳು ಮರುದಿನ ಮಗುವನ್ನು, ಹಾಲಿನ ಬಾಟಲಿಯನ್ನು ತಂದು ಬಿಟ್ಟುಹೋದಳು. ಬಾಟಲಿ ಅವತ್ತಿನಿಂದ ನಮ್ಮ ಮನೆಯ ಕಪಾಟಿನಲ್ಲೇ ಉಳಿಯಿತು.

ಬಟಾಣಿಗೆ ನಾನು ಒಂದು ಪಾಠ ಕಲಿಸಿದ್ದೆ. ಹಕ್ಕಿ ಬಂದಾಗ ನಾನು ಕಿಟಕಿಯಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರೆ ಅವಳೂ ತನ್ನ ಬೆರಳನ್ನು ತುಟಿಗೊತ್ತಿಕೊಂಡು ಚಾಪೆಯ ಮೇಲೆ ಗೊಂಬೆಯಂತೆ ಕೂರಬೇಕು. ಅದು ಅವಳಿಗೆ ಆಟ. ಆದರೆ ನಾನು ಹಿಂಬಾಗಿಲಲ್ಲಿ ಕಾಣಿಸಿಕೊಂಡರೆ ಯಾವ ಪಾಠವೂ ಇಲ್ಲ. ಎರಡೂ ಕೈ ಎತ್ತಿಕೊಂಡು, "ದೊಮ್ಮಾ" ಎನ್ನುತ್ತ ತಟ್ಟಾಡಿಕೊಂಡು ನೇರ ಮೆಟ್ಟಿಲಿಗೇ ಓಡಿ ಬರುತ್ತಾಳೆ. ದೊಡ್ಡಮ್ಮ ಎನ್ನಲು ಅವಳಿಗಿನ್ನೂ ನಾಲಿಗೆ ಹೊರಳದು.

ಅವತ್ತು ಬೆಳಿಗ್ಗೆ ಸೀಬೆ ಮರದ ಕೆಳಗೆ ಚಾಪೆ ಹಾಸಿ ಅವಳನ್ನು ಕೂರಿಸಿ, ಚಿಂದಿ ಬಟ್ಟೆಯ ಗೊಂಬೆ ಕೊಟ್ಟು, ಒಳಗೆ ಬಂದು ಒಂದು ಕಾಲರ್ ಹೊಲಿಯುತ್ತಿದ್ದೆ. ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಪಿಕಳಾರದ ಜೋಡಿ ತಂತಿಯ ಮೇಲೆ ಕೂತು ಕಿರುಚತೊಡಗಿತು. ಬರೆದುಕೊಂಡೆ. ಹದಿಮೂರಕ್ಕೆ ನನ್ನ ಕಸುಬಿನವಳೇ ಆದ ದರ್ಜಿ ಹಕ್ಕಿ. ಹದಿನಾಲ್ಕಕ್ಕೆ ಹರಟೆಮಲ್ಲಗಳು, ಏಳು, ಎಂದಿನಂತೆ ಸಂತೆಯ ಗದ್ದಲ. ಮೈನಾ ಎರಡು. ಮಡಿವಾಳ ಹಕ್ಕಿ. ಕಾಗೆ. ಅಂಗುಷ್ಠದಷ್ಟಿದ್ದರೂ ಗಂಟಲು ಮಾತ್ರ ಗೇಣುದ್ದದ ಸೂರಕ್ಕಿ. ಇಷ್ಟು ಹಕ್ಕಿ ಒಟ್ಟಿಗೆ ನನ್ನ ಹಿತ್ತಲಿಗೆ ಎಂದೂ ಬಂದಿರಲಿಲ್ಲ. ಮೆಷಿನ್ ಸದ್ದಿಗೆ ಹಾರಿಹೋದಾವೆಂದು ತುಳಿಯುವುದನ್ನು ನಿಲ್ಲಿಸಿದೆ. ಬಟಾಣಿಗೆ ಬೆರಳು ತೋರಿಸಿದೆ. ಅವಳು ತನ್ನ ಬೆರಳನ್ನು ತುಟಿಗಿಟ್ಟು ಕೂತಳು. ಗೋಡೆಯ ಮೇಲೆ ಅಳಿಲೊಂದು ಬಾಲ ಕುಣಿಸುತ್ತ ಕಿಚಗುಡುತ್ತಿತ್ತು. ಅದು ಹಕ್ಕಿಯಲ್ಲ, ಹಾಗಾಗಿ ಬರೆಯಲಿಲ್ಲ.

ಇಂದು ನನ್ನ ಅದೃಷ್ಟ ಖುಲಾಯಿಸಿತು ಅಂದುಕೊಂಡೆ. ನಿಜಕ್ಕೂ ಹಾಗೇ ಅಂದುಕೊಂಡೆ.

ಇಪ್ಪತ್ತೊಂದಕ್ಕೆ ಕಾಜಾಣ ಬಂತು. ಬೀದಿಯ ತಂತಿಯ ಮೇಲೆ ದಿನಾ ಕೂರುವ, ಕವಲು ಬಾಲದ, ಕಪ್ಪು ಮಿರುಗುವ ಹಕ್ಕಿ. ಮೂರು ವರ್ಷದಲ್ಲಿ ಒಂದು ಸಲವೂ ನನ್ನ ಗೋಡೆ ದಾಟಿರಲಿಲ್ಲ. "50. ಕಾಜಾಣ. 10.21" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ತಲೆಯೆತ್ತಿ ನೋಡಿದರೆ ಅದು ನೆಲದ ಕಡೆ ಎರಗಿ, ಮೇಲೆ ಹಾರಿ, ಮತ್ತೆ ಎರಗುತ್ತಿತ್ತು. ಹುಳು ಹಿಡಿಯುತ್ತಿದೆಯೇನೋ ಎಂದು ನೋಡಿದೆ. ಬಾಯಿ ಖಾಲಿ. ಆಗ ಉಳಿದವನ್ನು ನೋಡಿದೆ. ಯಾವ ಹಕ್ಕಿಯೂ ಏನನ್ನೂ ತಿನ್ನುತ್ತಿರಲಿಲ್ಲ. ಎಲ್ಲದರ ಕೊಕ್ಕೂ ಒಂದೇ ಕಡೆಗಿತ್ತು. ಕುಂಡಗಳ ರಾಶಿಯ ಕಡೆಗೆ.

ಒಂದು ಕುಂಡದ ಬಾಯಿಂದ ಹಾವು ಅರ್ಧ ಹೊರಗೆ ಬಂದಿತ್ತು.

ಬಾಯಿ ತೆರೆದೆ, ಧ್ವನಿ ಹೊರಡಲಿಲ್ಲ. ಹೊರಡದ್ದೇ ಒಳ್ಳೆಯದಾಯಿತು. ಕೂಗಿದರೆ ಬಟಾಣಿ ಏಳುತ್ತಾಳೆ. ಹಿಂಬಾಗಿಲು ತೆರೆದರೆ ಕೈ ಎತ್ತಿಕೊಂಡು ಆ ಕುಂಡಗಳ ಮೇಲೇ ಹಾದು ಬರುತ್ತಾಳೆ. ಕಿಟಕಿಗೆ ಕಬ್ಬಿಣದ ಸರಳು. ನನಗೆ ಉಳಿದಿದ್ದು ಮುಂಬಾಗಿಲಿಂದ ಹೊರಬಿದ್ದು, ಮನೆ ಪಕ್ಕದ ಓಣಿಯಲ್ಲಿ ಸುತ್ತಿ, ಮರದ ಹತ್ತಿರದ ಸಣ್ಣ ಗೇಟಿನಿಂದ ಒಳಬರುವುದು. ಅಷ್ಟು ಹೊತ್ತೂ ಮಗು ನನ್ನ ಕಣ್ಣಿಗೆ ಬೀಳುವುದಿಲ್ಲ. ತುಟಿಯ ಮೇಲೆ ಇನ್ನೊಮ್ಮೆ ಬೆರಳಿಟ್ಟೆ. ನಕ್ಕೆ ಕೂಡ, ಅವಳಿಗೆ ಆಟ ಎನಿಸಲಿ ಎಂದು. ಅವಳು ಬೆರಳಿಟ್ಟುಕೊಂಡು ನನ್ನನ್ನೇ ನೋಡಿದಳು. ನಾನು ಓಡಿದೆ.

ಓಣಿಯಲ್ಲಿ ನನಗೆ ಕೇಳಿಸುತ್ತಿದ್ದುದು ಹಕ್ಕಿಗಳು ಮಾತ್ರ. ಮೂರು ವರ್ಷ ಅವುಗಳ ದನಿ ಕೇಳಿ ಕೇಳಿ, ಯಾವುದು ಎಲ್ಲಿ ಕೂತಿದೆ ಎಂದು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ ಎಂದು ಜಂಬ ಕೊಚ್ಚಿದವಳು ನಾನು. ಆ ಜಂಬ ಅವತ್ತು ನನಗೇ ಮುಳುವಾಯಿತು. ಹರಟೆಮಲ್ಲಗಳು ಮೆಟ್ಟಿಲ ಕಡೆಯಿಂದ ತಂತಿಯ ಕಡೆಗೆ ಬಂದವು. ಪಿಕಳಾರ ತಂತಿಯಿಂದ ಮರಕ್ಕೆ ಬಂತು. ಗದ್ದಲವೆಲ್ಲ ಸೀಬೆ ಮರದ ಕಡೆ ಸರಿಯುತ್ತಿತ್ತು. ಎಂದರೆ ಹಾವೂ ಸರಿಯುತ್ತಿತ್ತು, ಚಾಪೆಯ ಕಡೆಗೆ. ಗೇಟಿನ ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಳೆದೆ, ಗುದ್ದಿದೆ, ಅಂಗೈ ಚರ್ಮ ಕಿತ್ತು ಬಂತು, ಚಿಲಕ ಅಲ್ಲಾಡಲಿಲ್ಲ. ಅಷ್ಟರಲ್ಲಿ ಹಕ್ಕಿಗಳೆಲ್ಲ ಒಮ್ಮೆಗೇ ಸುಮ್ಮನಾದವು.

ಆ ಮೌನದಂಥ ಭಯ ನಾನು ಕಂಡಿಲ್ಲ. ನನ್ನ ತಾಯಿ ತೀರಿಕೊಂಡ ದಿನವೂ ಕಂಡಿರಲಿಲ್ಲ. ಗೇಟಿನ ಮೇಲೆ ಹೇಗೆ ಹತ್ತಿದೆ ಎಂದು ಈಗ ಕೇಳಿದರೆ ಹೇಳಲು ಬಾರದು. ಸೀರೆ ಹರಿಯಿತು, ಮೊಣಕಾಲ ಮೇಲೆ ಬಿದ್ದೆ, ಎದ್ದೆ. ಬಟಾಣಿ ಚಾಪೆಯ ನಡುವೆ ಬೆರಳನ್ನು ತುಟಿಗಿಟ್ಟುಕೊಂಡು ಕೂತೇ ಇದ್ದಳು. ಚಾಪೆಯ ಅಂಚಿನಿಂದ ಒಂದು ಮೊಳ ದೂರದಲ್ಲಿ ಹಾವಿನ ಬಾಲ ಒಗೆಯುವ ಕಲ್ಲಿನ ಸಂದಿಯೊಳಗೆ ಜಾರಿಹೋಗುತ್ತಿತ್ತು. ಅವಳನ್ನು ಬಾಚಿ ಎತ್ತಿಕೊಂಡು, ಹಿಂಬಾಗಿಲು ನೂಕಿ ಮನೆಯೊಳಗಿಂದ ಬೀದಿಗೆ ಓಡಿ, ಕಾಲು ಬೆರಳುಗಳಿಂದ ಹಿಡಿದು ಕಿವಿಯ ಹಿಂದಿನವರೆಗೂ ನೋಡಿದೆ. ಒಂದು ಗೀರೂ ಇರಲಿಲ್ಲ. ಆಗ ಅತ್ತೆ. ನಾನು ಅಳುವುದನ್ನು ನೋಡಿ ಅವಳೂ ಅತ್ತಳು.

ಹಾವು ಹಿಡಿಯುವವನು ಬಂದಾಗ ಹನ್ನೆರಡಾಗಿತ್ತು. ಕಲ್ಲು ಎಬ್ಬಿಸಿ, ಕೊಕ್ಕೆಯಿಂದ ಎಳೆದು, ಚೀಲಕ್ಕೆ ಹಾಕಿ ಬಾಯಿ ಬಿಗಿದ. "ವಿಷದ್ದೇ. ಇದು ಕಚ್ಚಿದ್ರೆ ದೊಡ್ಡೋರೇ ಆಸ್ಪತ್ರೆ ಮುಟ್ಟೋದು ಕಷ್ಟ. ಮಗು ಅಲ್ಲಾಡದೆ ಕೂತಿದ್ದಕ್ಕೆ ಅದರ ಪಾಡಿಗೆ ಅದು ಹೋಗಿದೆ," ಎಂದ. ಆಮೇಲೆ ಕೈ ತೊಳೆಯುತ್ತ ಸುಮ್ಮನೆ ಕೇಳಿದ, "ಹಕ್ಕಿಗಳು ಕೂಗ್ಲಿಲ್ವಾ ಅಮ್ಮಾ? ಸಾಮಾನ್ಯವಾಗಿ ಅವು ಮೊದ್ಲೇ ಹೇಳ್ತವೆ."

"ಕೂಗಿದ್ವು," ಎಂದೆ.

ಈಗ ಗೊತ್ತಾಯಿತಲ್ಲ, ಆ ಪುಟಕ್ಕೆ ನಾನೇಕೆ ಹೆದರಿದೆ ಎಂದು. ಹಾವು ಬಂದಿತ್ತು, ಹಿಡಿಸಿದೆ, ಮಗು ಕ್ಷೇಮ ಎಂದಷ್ಟೇ ಹೇಳಿದ್ದರೆ ತಂಗಿ ನನ್ನ ಕೈ ಹಿಡಿದು ಅತ್ತಿರುತ್ತಿದ್ದಳು. ಹಾವು ಸಾಯಬಾರದು, ಕೋಲು ಮುರಿಯಬಾರದು ಎಂಬ ಹಾಗೆ ಎಲ್ಲವೂ ಸುಸೂತ್ರ. ಆದರೆ ಪುಟ ಹರಿದರೆ ನಾಳೆಯಿಂದ ಆ ಮಗುವಿನ ಮುಖವನ್ನು ನಾನು ಹೇಗೆ ನೋಡಲಿ? ಮುಚ್ಚಿಟ್ಟವಳ ಕೈಗೆ ಮಗುವನ್ನು ಯಾರಾದರೂ ಕೊಡುತ್ತಾರಾ? ಆರು ಗಂಟೆಗೆ ತಂಗಿ ಬಂದಾಗ ಪುಸ್ತಕವನ್ನು ನಾನೇ ಅವಳ ಕೈಯಲ್ಲಿಟ್ಟೆ.

"ಅಬ್ಬಾ, ಐವತ್ತಾಯ್ತಾ!" ಎಂದು ನಕ್ಕಳು. ಆಮೇಲೆ ಅವಳ ಬೆರಳು ನಿಮಿಷಗಳ ಮೇಲೆ ಇಳಿಯತೊಡಗಿತು. ರೋಗಿಗಳ ಚಾರ್ಟ್ ಓದಿ ಅಭ್ಯಾಸವಾದ ಬೆರಳು. "ಅಕ್ಕಾ, ಇಷ್ಟೂ ಒಂದೇ ಸಲ ಯಾಕೆ ಬಂದ್ವು?"

ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಮೆಷಿನ್ ನಿಲ್ಲಿಸಿದ್ದನ್ನೂ ಹೇಳಿದೆ, ಅಳಿಲನ್ನೂ ಹೇಳಿದೆ.

ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. "ಒಂಬತ್ತು ನಿಮಿಷ," ಎಂದಳು.

"ಹೌದು."

"ಒಂಬತ್ತು ನಿಮಿಷ ಅವು ಗಂಟಲು ಹರ್ಕೊಂಡು ಹೇಳಿದ್ವು. ನೀನು ಅವುಗಳ ಹೆಸರು ಬರ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಕಪಾಟಿನ ಬಾಗಿಲು ತೆಗೆದು, ಹಾಲಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಮಾರನೇ ದಿನ ಕುಂಡಗಳನ್ನು ಎಸೆದೆ. ಕಲ್ಲಿನ ಸಂದಿಗೆ ಸಿಮೆಂಟ್ ತುಂಬಿಸಿದೆ. ಗೇಟಿನ ಚಿಲಕ ಬದಲಾಯಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವರನ್ನು ನೋಡಿಯೇ. ತಂಗಿ ರಜೆ ಹಾಕಿದ್ದಾಳೆಂದು ಗೊತ್ತಾಯಿತು. ಎಷ್ಟು ದಿನ ಹಾಕಿಯಾಳು, ಆಮೇಲೆ ಮಗುವನ್ನು ಯಾರ ಹತ್ತಿರ ಬಿಟ್ಟಾಳು ಎಂದು ಹೆದರುತ್ತ, ಫೋನ್ ಮಾಡಲು ಅದಕ್ಕಿಂತ ಹೆಚ್ಚು ಹೆದರುತ್ತ ನಾಲ್ಕು ದಿನ ಕಳೆದೆ. ಪುಸ್ತಕ ಮುಟ್ಟಲಿಲ್ಲ.

ಐದನೇ ದಿನ ಬೆಳಿಗ್ಗೆ ಪಿಕಳಾರ ಮತ್ತೆ ಅದೇ ದನಿಯಲ್ಲಿ ಕಿರುಚಿತು. ನಾನು ಕಿಟಕಿ ಕಡೆ ನೋಡಲೂ ಇಲ್ಲ. ಅರ್ಧ ಹೊಲಿದ ತೋಳು ಕೈಯಲ್ಲಿರುವಂತೆಯೇ, ಹಿಂಬಾಗಿಲು ಬಿಟ್ಟು ಮುಂಬಾಗಿಲಿಂದ ಓಡಿ, ಓಣಿ ಸುತ್ತಿ, ಗೇಟು ನೂಕಿ, ಸೀಬೆ ಮರದ ಕೆಳಗೆ ಎತ್ತಿಕೊಳ್ಳಲು ಬಗ್ಗಿದೆ. ಅಲ್ಲಿ ಬರೀ ನೆಲ. ಚಾಪೆಯೂ ಇರಲಿಲ್ಲ, ಮಗುವೂ ಇರಲಿಲ್ಲ. ಗೋಡೆಯ ಮೇಲೆ ಬೆಕ್ಕೊಂದು ಮೈ ನೆಕ್ಕಿಕೊಳ್ಳುತ್ತಿತ್ತು. ಬಗ್ಗಿದವಳಿಗೆ ಏಳಲಾಗಲಿಲ್ಲ.

"ಏನದು?" ಎಂಬ ದನಿ ಕೇಳಿತು.

ತಂಗಿ ಓಣಿಯಲ್ಲಿ, ಗೇಟಿನ ಹೊರಗೆ ನಿಂತಿದ್ದಳು. ಡ್ಯೂಟಿಯ ಬಟ್ಟೆ, ಸೊಂಟದ ಮೇಲೆ ಬಟಾಣಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಬೆಕ್ಕು," ಎಂದೆ.

"ಬರ್ಕೊಂಡ್ಯಾ?"

"ಇಲ್ಲ."

ಪಿಕಳಾರ ಇನ್ನೂ ಕಿರುಚುತ್ತಿತ್ತು. ಬಟಾಣಿ ಅದರ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟುಕೊಂಡಳು. ತಂಗಿ ಅದನ್ನು ನೋಡಿದಳು, ನನ್ನ ಅಂಗೈಗೆ ಸುತ್ತಿದ್ದ ಗಾಯದ ಪಟ್ಟಿಯನ್ನು ನೋಡಿದಳು, ಖಾಲಿ ನೆಲವನ್ನು ನೋಡಿದಳು. ಒಳಗೆ ಬಂದು ಮಗುವನ್ನು ನನ್ನ ತೋಳಿಗೆ ಕೊಟ್ಟು, ಚೀಲದಿಂದ ಬಾಟಲಿ ತೆಗೆದಳು.

"ಬಿಸಿನೀರಲ್ಲಿ ತೊಳಿ," ಎಂದು ಹೇಳಿ ಡ್ಯೂಟಿಗೆ ಹೋದಳು.