ಸೋರುವ ಕಾಲುವೆ

ತಾಷ್ಕೆಂಟಿನ ಅಂಚಿನ ಆ ಬೀದಿಗೆ ಮನೆ ಹುಡುಕಿಕೊಂಡು ಬಂದವರು ಮನೆಯನ್ನು ಸರಿಯಾಗಿ ನೋಡುತ್ತಲೇ ಇರಲಿಲ್ಲ. ತಿರುವಿನಲ್ಲಿ ಕಾಲಿಟ್ಟು, ತಲೆಯೆತ್ತಿ ನೋಡಿ, ಉಸ್ಸೆಂದು ಒಂದು ಉಸಿರು ಬಿಡುತ್ತಿದ್ದರು. ವ್ಯಾಪಾರ ಅಲ್ಲಿಗೇ ಅರ್ಧ ಮುಗಿದಂತೆ. ಜುಲೈ ತಿಂಗಳಲ್ಲಿ ದೊಡ್ಡ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಾಗಲೂ ಈ ಬೀದಿಯಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿದ್ದವು. ಎರಡೂ ಬದಿಗೆ ಚಿನಾರ್, ಹಿಪ್ಪುನೇರಳೆ, ಅಕ್ರೋಟು. ಮೇಲೆ ಕೊಂಬೆಗೆ ಕೊಂಬೆ ತಾಗಿ ಚಪ್ಪರ. ಬೆಳಿಗ್ಗೆ ಆರಕ್ಕೆ ಪ್ರತಿ ಮನೆಯ ಹೆಂಗಸೂ ಹೊರಬಂದು ತನ್ನ ಗೇಟಿನ ಮುಂದೆ ಗುಡಿಸಿ, ಕಾಲುವೆಯಿಂದ ಬಕೆಟ್ಟಿನಲ್ಲಿ ನೀರು ಮೊಗೆದು ಚಿಮುಕಿಸುತ್ತಿದ್ದಳು. ಯಾರ ಮನೆಯ ಸೊಸೆ ತಡವಾಗಿ ಏಳುತ್ತಾಳೆ ಎಂಬುದು ಒಣಗಿದ ನೆಲ ನೋಡಿದರೆ ಇಡೀ ಬೀದಿಗೆ ತಿಳಿಯುತ್ತಿತ್ತು. ಸಂಜೆಯಾದರೆ ಗೇಟುಗಳ ಹೊರಗಿನ ಅಗಲ ಮಂಚಗಳ ಮೇಲೆ ಕೌದಿ ಹಾಸಿ, ಹಸಿರು ಚಹಾ ಇಟ್ಟುಕೊಂಡು, ಜನ ಕತ್ತಲಾಗುವವರೆಗೆ ಊರಿನವರ ಸುದ್ದಿ ಜಾಲಾಡುತ್ತಿದ್ದರು.

ಈ ಬೀದಿ ಯಾಕೆ ಇಷ್ಟು ಸುಖವಾಗಿದೆ ಎಂದು ಕೇಳಿದರೆ ಕೆಲವರು ಮರ ಅನ್ನುತ್ತಿದ್ದರು, ಕೆಲವರು ನೆರೆಹೊರೆ ಅನ್ನುತ್ತಿದ್ದರು. ತಮ್ಮ ಮಂಚದ ಪಕ್ಕದಲ್ಲೇ, ಗೋಡೆಗೂ ರಸ್ತೆಗೂ ನಡುವೆ ಹರಿಯುತ್ತಿದ್ದ ಮೊಣಕಾಲಾಳದ ಮಣ್ಣಿನ ಕಾಲುವೆಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಅದೆಂದರೆ ಕೆಸರು, ಸೊಳ್ಳೆ, ವರ್ಷಕ್ಕೊಮ್ಮೆ ಹೂಳೆತ್ತಿ ಬೆನ್ನು ಮುರಿದುಕೊಳ್ಳುವ ಕೆಲಸ. ಅಂಥದ್ದನ್ನು ಯಾರು ಹೊಗಳುತ್ತಾರೆ?

ಬೀದಿಯ ನಡುವಿನ ನೀಲಿ ಗೇಟು ಜೆಬಿನಿಸೊಳದು. ಬಟ್ಟೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು. ಗಂಡ ಹಮ್ದಮ್ ಮೂವತ್ತು ವರ್ಷ ನಗರದ ರಸ್ತೆಗಳಿಗೂ ಮರಗಳಿಗೂ ನೀರು ಹೊಡೆಯುವ ಲಾರಿ ಓಡಿಸಿದವನು. ಮದುವೆಯಾಗಿ ಆರು ವರ್ಷದ ಮೇಲೆ ಅವರಿಗೊಬ್ಬಳು ಮಗಳು ಹುಟ್ಟಿದಳು, ಕುಮ್ರಿ. ತೊಟ್ಟಿಲು ಶಾಸ್ತ್ರದ ದಿನ ಹಮ್ದಮ್ ಎಲ್ಲಿಂದಲೋ ಒಂದು ಚಿನಾರ್ ಸಸಿ ತಂದು ಗೇಟಿನ ಮುಂದೆ, ಕಾಲುವೆಯ ದಡದಲ್ಲಿ ನೆಟ್ಟ. ಬೀದಿಯವರು ಬಿದ್ದು ಬಿದ್ದು ನಕ್ಕರು. ಅಲ್ಲಿ ಗಂಡು ಹುಟ್ಟಿದರೆ ಪಾಪ್ಲರ್ ಮರ ನೆಡುತ್ತಾರೆ. ಹುಡುಗನ ಮದುವೆಯ ಹೊತ್ತಿಗೆ ಅದನ್ನು ಕಡಿದು ಅವನ ಮನೆಗೆ ತೊಲೆ ಮಾಡುತ್ತಾರೆ. ಹೆಣ್ಣಿಗೆ ಮರ ನೆಡುವುದನ್ನು ಯಾರೂ ಕಂಡಿರಲಿಲ್ಲ.

"ಪಾಪ್ಲರ್ ಇಪ್ಪತ್ತು ವರ್ಷಕ್ಕೆ ಕೊಡಲಿ ಪಾಲು," ಎಂದಿದ್ದ ಹಮ್ದಮ್. "ನನ್ನ ಮಗಳ ಮರ ಯಾರೂ ಕಡಿಯೋ ಹಾಗಿರಬಾರದು. ಚಿನಾರ್ ಐನೂರು ವರ್ಷ ಬಾಳತ್ತೆ."

ಕುಮ್ರಿ ಹನ್ನೆರಡು ವರ್ಷ ಬಾಳಿದಳು. ಹೃದಯದಲ್ಲಿ ಹುಟ್ಟಿನಿಂದಲೇ ಏನೋ ದೋಷವಿತ್ತಂತೆ, ತಿಳಿಯುವಷ್ಟರಲ್ಲಿ ತಡವಾಗಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಜೆಬಿನಿಸೊ ಅತ್ತಳು, ವರ್ಷದ ಶಾಸ್ತ್ರಗಳನ್ನೆಲ್ಲ ಮಾಡಿದಳು, ಕೆಲಸಕ್ಕೆ ಹೋದಳು, ಬಂದಳು. ಜಗಳಕ್ಕೆ ಬಂದವರಿಗೆ ಜಗಳವನ್ನೂ ಕೊಟ್ಟಳು. ನಗುವುದನ್ನು ಮಾತ್ರ ಯಾವಾಗ ಬಿಟ್ಟಳೋ ಅವಳಿಗೇ ಗೊತ್ತಾಗಲಿಲ್ಲ. ಮರ ತನ್ನ ಪಾಡಿಗೆ ಬೆಳೆಯಿತು. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪವಾಯಿತು. ಹೊಸಬರು ಅದನ್ನು ಚಿನಾರ್ ಮನೆ ಎಂದು ಗುರುತು ಹೇಳುತ್ತಿದ್ದರು, ಹಳಬರು ಕುಮ್ರಿ ಮರ ಅನ್ನುತ್ತಿದ್ದರು.

ಆ ಮರ ಈಗ ಸಾಯುತ್ತಿತ್ತು. ಕೊಂದವಳು ತಾನೇ ಎಂಬುದು ಜೆಬಿನಿಸೊಗೆ ಗೊತ್ತಿತ್ತು.

ಎರಡು ವರ್ಷದ ಹಿಂದಿನ ವಸಂತದ ಮಾತು. ಕಾಲುವೆಯ ಹೂಳೆತ್ತುವ ಕಾಲ. ಹಮ್ದಮ್ ಮೊಣಕಾಲು ಹಿಡಿದುಕೊಂಡು ಕೆಸರಿನಲ್ಲಿ ನಿಂತದ್ದನ್ನು ಅವಳು ನೋಡಿದಳು. ಅವತ್ತೇ ಸಂಜೆ ಬೀದಿಯ ಹೆಂಗಸರನ್ನೆಲ್ಲ ತನ್ನ ಮಂಚದ ಮೇಲೆ ಕೂರಿಸಿಕೊಂಡು, ಕಾಲುವೆಗೆ ಈ ತುದಿಯಿಂದ ಆ ತುದಿಯವರೆಗೆ ಕಾಂಕ್ರೀಟು ಹಾಕಿಬಿಡೋಣ ಎಂದಳು. ಹೂಳಿನ ಕಾಟವಿಲ್ಲ, ಸೊಳ್ಳೆಯಿಲ್ಲ, ನೀರು ಕನ್ನಡಿಯ ಹಾಗೆ ಹರಿಯುತ್ತದೆ. ಎಲ್ಲರಿಗೂ ಹಿಡಿಸಿತು. ಬೀದಿ ಬೀದಿಗೆ ನೀರಿನ ಸರದಿ ಬಿಡುತ್ತಿದ್ದ ಮುದುಕ ಹಾಶಿಮ್ ಒಬ್ಬ ಮಾತ್ರ ಗೇಟಿಗೆ ಬಂದು ನಿಂತ.

"ಬೇಡ ಮಗಳೇ. ಮಣ್ಣಿನ ಕಾಲುವೆ ಸೋರತ್ತೆ. ಆ ಸೋರೋ ನೀರಲ್ಲೇ ಮರ ಬದುಕಿರೋದು. ಸಿಮೆಂಟು ಹಾಕಿದ್ರೆ ನೀರು ಅದರ ಮುಂದೇನೇ ಓಡತ್ತೆ, ಅದರ ಬಾಯಿಗೆ ಹೋಗಲ್ಲ."

"ಅಜ್ಜಾ, ಕೆಸರು ಇಲ್ದೆ ಹೋದ್ರೆ ಬೈಯೋಕೆ ಯಾರೂ ಸಿಗಲ್ಲ ಅಂತ ನಿಮಗೆ ಸಂಕಟ, ಅಲ್ವಾ?" ಎಂದಳು ಜೆಬಿನಿಸೊ. ಹೆಂಗಸರು ಗೊಳ್ಳೆಂದರು. ಮುದುಕ ಗಡ್ಡ ಕೆರೆದುಕೊಂಡು ಹೋದ.

ಶನಿವಾರ ಹಶರ್. ಮನೆಗೊಬ್ಬರಂತೆ ಮುಯ್ಯಾಳು ಸೇರಿ ಮಾಡುವ ಬೀದಿ ಕೆಲಸ. ಗಂಡಸರು ಕಾಂಕ್ರೀಟು ಕಲಸಿದರು, ಹೆಂಗಸರು ದೊಡ್ಡ ಕಡಾಯಿಯಲ್ಲಿ ಪಲಾವಿಗೆ ಗಜ್ಜರಿ ಹೆಚ್ಚಿದರು. ಜೆಬಿನಿಸೊ ಸೆರಗು ಸೊಂಟಕ್ಕೆ ಸಿಕ್ಕಿಸಿದವಳ ಹಾಗೆ ತಲೆವಸ್ತ್ರ ಬಿಗಿದು ಬೀದಿಯ ಉದ್ದಕ್ಕೂ ದರಬಾರು ನಡೆಸಿದಳು. ಎದುರುಮನೆಯ ಶರೋಫತ್, ಬೀದಿಯಲ್ಲೇ ನಾಲಿಗೆ ಉದ್ದದ ಹೆಂಗಸು, "ಏನೇ, ನಿನ್ನ ಗಂಡ ಸಿಮೆಂಟು ಬಳೀತಾನೋ ಕೇಕಿಗೆ ಕ್ರೀಮು ಬಳೀತಾನೋ?" ಎಂದಾಗ ಜೆಬಿನಿಸೊ ಒಂದು ಮುದ್ದೆ ಸಿಮೆಂಟು ಎತ್ತಿ ಅವಳತ್ತ ಎಸೆದಳು. ಶರೋಫತ್ ತಿರುಗಿ ಎಸೆದದ್ದು ಇವಳ ಮುಖಕ್ಕೇ ಬಂತು. ಬೀದಿಯೆಲ್ಲ ನಗುವೋ ನಗು. ಹಮ್ದಮ್ ಕರಣೆ ಹಿಡಿದು, ತಲೆ ತಗ್ಗಿಸಿ, ಮಗಳ ಮರದ ಬುಡದಲ್ಲಿ ತಾನೇ ಕಾಂಕ್ರೀಟು ನುಣುಪು ಮಾಡಿದ.

ಆ ಬೇಸಿಗೆ ಬೇರೆ ಬೀದಿಯವರು ಬಂದು ಕಾಲುವೆ ನೋಡಿಕೊಂಡು ಹೋದರು. ಹಮ್ದಮ್ ಮಾತ್ರ ಬೆಳಗಾದರೆ ಅಂಗಳದ ಪೈಪು ಎಳೆದು ತಂದು ಮರದ ಬುಡಕ್ಕೆ ನೀರು ಬಿಟ್ಟುಕೊಂಡು ಕೂರುತ್ತಿದ್ದ. ಬುಡವೆಲ್ಲ ರಾಡಿ. ರಾಡಿ ಹರಿದು ಹೊಸ ಸಿಮೆಂಟಿನ ಮೇಲೆ ಕಂದು ಪಟ್ಟೆ.

"ಲಾರಿ ಬಿಟ್ರೂ ಚಾಳಿ ಬಿಡ್ಲಿಲ್ವಲ್ಲ ನಿಮ್ಮದು!" ಎಂದು ಅವಳು ಪೈಪು ಕಿತ್ತುಕೊಂಡಳು. "ಪಕ್ಕದಲ್ಲೇ ಇಷ್ಟು ನೀರು ಹರೀತಿದೆ, ಇನ್ನೂ ಯಾಕೆ ಹುಯ್ತೀರಾ?"

ಮರುದಿನ ಅವಳು ರೊಟ್ಟಿ ತರಲು ಹೋದಾಗ ಅವನು ಮತ್ತೆ ನೀರು ಬಿಟ್ಟ. ಆ ಚಳಿಗಾಲ ಹಿಮದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆರು ತಿಂಗಳು ಹಾಸಿಗೆ, ಆಮೇಲೆ ಎರಡು ಊರುಗೋಲು. ಪೈಪು ಅಂಗಳದ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತು.

ಎರಡನೇ ಬೇಸಿಗೆಯಲ್ಲಿ ಶರೋಫತ್‌ಳ ಹಿಪ್ಪುನೇರಳೆ ಜುಲೈ ತಿಂಗಳಲ್ಲೇ ಎಲೆ ಉದುರಿಸಿತು. ಚಿನಾರಿನ ನೆತ್ತಿ ಒಣಗಿತು. ರೋಗ ಅಂದರು, ಬಿಸಿಲು ಅಂದರು. ಮೂರನೇ ವಸಂತಕ್ಕೆ ಶರೋಫತ್‌ಳ ಮರ ಚಿಗುರಲೇ ಇಲ್ಲ. ಕುಮ್ರಿ ಮರದಲ್ಲಿ ಗೇಟಿನ ಕಡೆಗೆ ಚಾಚಿದ್ದ ಒಂದೇ ಒಂದು ಕೊಂಬೆ ಚಿಗುರಿತು. ಜೆಬಿನಿಸೊ ಹಾಶಿಮ್ ಅಜ್ಜನ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳು. ಮುದುಕ ಹಂಗಿಸಲಿಲ್ಲ. ಹಂಗಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

"ಒಡೆದು ನೋಡು ಮಗಳೇ," ಎಂದ. "ಒಂದು ಕೊಂಬೆಗೆ ಜೀವ ಇದೆ ಅಂದ್ರೆ ಎಲ್ಲೋ ಒಂದು ಬೇರು ಇನ್ನೂ ಉಸಿರಾಡ್ತಿದೆ."

ಮರುದಿನ ಬೆಳಿಗ್ಗೆ, ಬೀದಿ ಗುಡಿಸುವ ಹೊತ್ತಿನಲ್ಲಿ, ಅವಳು ಹಾರೆ ಹಿಡಿದು ಕಾಲುವೆಗಿಳಿದಳು. ಹೊಡೆದರೆ ಹಾರೆ ಕೈಯನ್ನೇ ನಡುಗಿಸಿತು. ಸಿಮೆಂಟಿಗೆ ಗೀರು ಬಿತ್ತು ಅಷ್ಟೆ. ಎಷ್ಟು ಚೆನ್ನಾಗಿ ಹಾಕಿಸಿದ್ದೆ ಎಂದು ತನ್ನನ್ನೇ ಶಪಿಸಿಕೊಂಡಳು. ಎದುರು ಗೇಟಿನಲ್ಲಿ ಶರೋಫತ್ ಪೊರಕೆ ಹಿಡಿದು ನಿಂತಿದ್ದಳು.

"ಹಾಕ್ಸಿದ್ದೂ ನೀನೇ, ಒಡೆಯೋದೂ ನೀನೇನಾ? ನಾವೇನು ನೀನು ಕುಣಿಸೋ ಕರಡಿಗಳಾ? ನಮ್ಮ ಮರ ಹೋದಾಗ ಎಲ್ಲೇ ಇತ್ತು ಈ ಹಾರೆ?"

ಜೆಬಿನಿಸೊ ಬೆನ್ನು ನೆಟ್ಟಗೆ ಮಾಡಿದಳು. "ತಪ್ಪಾಯ್ತು ಶರೋಫತ್," ಎಂದಳು. "ನಿನ್ನ ಮರಾನೂ ನಾನೇ ಕೊಂದೆ."

ನಲವತ್ತು ವರ್ಷದ ನೆರೆಯಲ್ಲಿ ಈ ಬಾಯಿಂದ ತಪ್ಪಾಯಿತು ಎಂಬ ಮಾತು ಬಂದದ್ದು ಶರೋಫತ್‌ಗೆ ನೆನಪಿರಲಿಲ್ಲ. ಪೊರಕೆ ಗೋಡೆಗೆ ಒರಗಿಸಿ ಒಳಗೆ ಹೋದಳು. ಗಂಡನ ದೊಡ್ಡ ಸುತ್ತಿಗೆ ಎತ್ತಿಕೊಂಡು ಬಂದಳು. "ಸರಿ ಆಚೆ. ಹಾರೆ ಹಿಡಿಯೋದು ನೋಡು, ಹಲ್ಲುಕಡ್ಡಿ ಹಿಡಿದ ಹಾಗೆ."

ಆ ಶನಿವಾರ ಮತ್ತೆ ಹಶರ್. ಅದೇ ಜನ, ಅದೇ ಕಡಾಯಿ. ಕಲಸಲು ಅರ್ಧ ದಿನ ಹಿಡಿದದ್ದನ್ನು ಒಡೆಯಲು ಎರಡು ದಿನ ಹಿಡಿಯಿತು. ಹಮ್ದಮ್ ಮಂಚದ ಮೇಲೆ ಕೂತು, ಊರುಗೋಲಿನ ಮೇಲೆ ಗದ್ದ ಊರಿ ನೋಡುತ್ತಿದ್ದ. ಹಾಶಿಮ್ ಅಜ್ಜ ಸರದಿ ತಪ್ಪಿಸಿ ಈ ಬೀದಿಗೆ ಮೊದಲು ನೀರು ಬಿಟ್ಟ. ಬರಿಮಣ್ಣಿಗೆ ಬಂದ ನೀರು ಮುಂದಕ್ಕೆ ಹೋಗಲೇ ಇಲ್ಲ. ನಾಲ್ಕು ದಿನ ನೆಲ ಅದನ್ನು ಗುಟುಗುಟು ಕುಡಿಯಿತು.

ಅಲ್ಲಿಂದ ಮುಂದೆ ಜೆಬಿನಿಸೊ ಬೆಳಗೆದ್ದು ಮೊದಲು ನೋಡುತ್ತಿದ್ದದ್ದು ಆ ಕೊಂಬೆಯನ್ನು. ಎಲೆಗಳು ಅಂಗೈಯಷ್ಟಾದವು. ಬದುಕಿತು ಎಂದುಕೊಂಡಳು. ಒಂದು ದಿನ ಅಡುಗೆ ಮಾಡುತ್ತಾ ತಾನು ಏನೋ ಗುನುಗುತ್ತಿರುವುದು ತನಗೇ ಕೇಳಿ ಸುಮ್ಮನಾದಳು. ಇಷ್ಟರ ನಡುವೆಯೂ ಒಂದು ಪ್ರಶ್ನೆ ಗಂಟಲಲ್ಲಿ ಮುಳ್ಳಿನಂತೆ ಕೂತಿತ್ತು. ಮೂವತ್ತು ವರ್ಷ ಮರಗಳಿಗೆ ನೀರು ಹೊಡೆದವನಿಗೆ, ಸಿಮೆಂಟು ಏನು ಮಾಡುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಯಾಕೆ ಸುಮ್ಮನಿದ್ದ? ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಅವನಿಗೆ ಗೊತ್ತಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮೇ ತಿಂಗಳ ಕೊನೆಗೆ ಎಲೆಗಳ ಅಂಚು ಸುರುಟಿತು. ಹತ್ತು ದಿನದಲ್ಲಿ ಕೊಂಬೆ ಬೋಳಾಯಿತು. ಹಾಶಿಮ್ ಅಜ್ಜ ಬಂದು ಉಗುರಿನಿಂದ ತೊಗಟೆ ಕೆರೆದ. ಒಳಗೆ ಹಸಿರಿರಲಿಲ್ಲ.

"ಇನ್ನು ಕಾಯಬೇಡ ಮಗಳೇ," ಎಂದ.

ಮೊದಲ ಗಾಳಿಗೇ ತೊಲೆಯಷ್ಟು ದಪ್ಪದ ಕೊಂಬೆಯೊಂದು ರಸ್ತೆಗೆ ಬಿತ್ತು. ಪುಣ್ಯಕ್ಕೆ ಯಾರೂ ಇರಲಿಲ್ಲ. ಮಹಲ್ಲಾದ, ಅಂದರೆ ಆ ಕೇರಿಯ, ಹಿರಿಯರು ಬಂದು, ಚಹಾ ಕುಡಿದು, ಮರ ಕಡಿಸಬಹುದೇ ಎಂದು ನೆಲ ನೋಡಿಕೊಂಡು ಕೇಳಿದರು. ಹಮ್ದಮ್ ಹೂಂ ಎಂದ. ಯಾರೂ ಕಡಿಯಬಾರದೆಂದು ನೆಟ್ಟವನೇ ಹೂಂ ಎಂದ. ಬುಧವಾರ ನಗರದಿಂದ ಆರು ಜನ ಗರಗಸ ತಂದರು. ಬೆಳಿಗ್ಗೆ ಎಂಟಕ್ಕೆ ಶುರುವಾದದ್ದು ಮೂರರ ಹೊತ್ತಿಗೆ ಮುಗಿಯಿತು. ಬೀದಿಯವರು ಒಳಗೇ ಇದ್ದರು.

ಮರದ ತುಂಡು ತುಂಬಿಕೊಂಡ ಲಾರಿ ಹೋದಮೇಲೆ ಹಮ್ದಮ್ ಎಂದಿನಂತೆ ಮಂಚಕ್ಕೆ ಬಂದು ಕೂತ. ಸಂಜೆಯ ಬಿಸಿಲು ಕೌದಿಯ ಮೇಲೆ, ಗೇಟಿನ ಮೇಲೆ, ಅವನ ಮುಖದ ಮೇಲೆ ನೇರವಾಗಿ ಬಿದ್ದಿತ್ತು. ಮೂವತ್ತು ವರ್ಷದಿಂದ ಆ ಹೊತ್ತಿನಲ್ಲಿ ಆ ಜಾಗಕ್ಕೆ ಬಿಸಿಲು ಬಂದಿರಲಿಲ್ಲ. ಒಡೆದ ಕಾಲುವೆಯ ದಡದಲ್ಲಿ ಬೀದಿಯವರು ಹೊಸ ಸಸಿಗಳನ್ನು ನೆಟ್ಟಿದ್ದರು. ಅವು ನೆರಳು ಕೊಡಲು ಇನ್ನು ಇಪ್ಪತ್ತು ವರ್ಷ ಬೇಕು. ಇವರಿಬ್ಬರ ಆಯಸ್ಸಿಗೆ ಅದು ಎಟುಕುವುದಿಲ್ಲ.

"ಒಳಗೆ ಬನ್ನಿ, ಸುಡತ್ತೆ," ಎಂದಳು ಜೆಬಿನಿಸೊ.

"ಸ್ವಲ್ಪ ಕೂತಿರ್ತೀನಿ."

ಅವಳೂ ಕೂತಳು. ಚಹಾ ಸುರಿದಳು. ಅವನು ಮುಟ್ಟಲಿಲ್ಲ. ಕೊನೆಗೆ ಆ ಮುಳ್ಳು ತಾನಾಗಿಯೇ ಹೊರಬಂತು.

"ನೀವು ಮೂವತ್ತು ವರ್ಷ ನೀರಿನ ಲಾರಿ ಓಡ್ಸಿದವರು. ನಿಮಗೆ ಗೊತ್ತಿರ್ಲಿಲ್ಲ, ಅಲ್ವಾ?"

ಅವಳಿಗೆ ಬೇಕಾದ ಉತ್ತರ ಯಾವುದೆಂದು ಹಮ್ದಮ್‌ಗೆ ಗೊತ್ತಿತ್ತು. ಆದರೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಗೊತ್ತಿತ್ತು," ಎಂದ.

"ಗೊತ್ತಿದ್ದೂ ನಿಮ್ಮ ಕೈಯಾರೆ ಬಳಿದ್ರಾ? ಅವಳ ಮರಕ್ಕೆ?" ಅವಳ ದನಿ ಬೀದಿಗೆ ಕೇಳುವಷ್ಟಾಯಿತು. "ಒಂದು ಮಾತು ಹೇಳ್ಬಾರ್ದಿತ್ತಾ? ಒಂದೇ ಒಂದು ಮಾತು! ನಾನು ನಿಲ್ಲಿಸ್ತಿರ್ಲಿಲ್ವಾ?"

"ನಿಲ್ಲಿಸ್ತಿದ್ದೆ. ಅದಕ್ಕೇ ಹೇಳ್ಲಿಲ್ಲ."

ಅವಳು ಅರ್ಥವಾಗದೆ ನೋಡಿದಳು.

"ಅವತ್ತು ನೀನು ಬೀದಿ ತುಂಬ ಓಡಾಡ್ತಿದ್ದೆ. ಮುಖದ ತುಂಬ ಸಿಮೆಂಟು," ಎಂದ ಹಮ್ದಮ್. ಮಾತು ಕಷ್ಟಪಟ್ಟು ಬರುತ್ತಿತ್ತು. "ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ ಕಣೇ. ಇಪ್ಪತ್ತಮೂರು ವರ್ಷ ಆಗಿತ್ತು ನಾನು ಅದನ್ನ ಕೇಳಿ. ಹೋಗಿ ನಿಲ್ಲಿಸು ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ನೀರು ನಾನೇ ಹಾಕ್ತೀನಿ, ಉಳಿಸ್ಕೋತೀನಿ ಅಂದ್ಕೊಂಡೆ. ಸೊಂಟ ಮುರಿಯತ್ತೆ ಅಂತ ಯಾರಿಗೆ ಗೊತ್ತಿತ್ತು."

"ನನ್ನ ನಗು ಏನು ದೊಡ್ಡದು ಅಂತ..."

"ಮಗು ಹೋದಮೇಲೆ ನನಗೆ ಉಳಿದಿದ್ದು ಎರಡೇ, ಜೆಬಿ. ಎರಡರಲ್ಲಿ ಒಂದು ಅವತ್ತು ನಗ್ತಾ ಇತ್ತು."

ಅಲ್ಲಿ ಹೆಂಡತಿಯಾದವಳು ಬೀದಿಯಲ್ಲಿ ಗಂಡನ ಕೈ ಹಿಡಿಯುವ ಪದ್ಧತಿಯಿಲ್ಲ. ಎಷ್ಟು ಮುದುಕರಾದರೂ ಇಲ್ಲ. ಜೆಬಿನಿಸೊ ಆ ಸುಡುಬಿಸಿಲಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಅವನ ಕೈ ಹಿಡಿದುಕೊಂಡಳು, ಬಾಯಿ ಬಿಟ್ಟು ಅತ್ತಳು. ಎದುರು ಗೇಟಿಗೆ ಬಂದಿದ್ದ ಶರೋಫತ್ ಏನೋ ಅನ್ನಲು ಬಾಯಿ ತೆರೆದವಳು ಹಾಗೇ ಒಳಗೆ ಹೋಗಿ ಕದ ಹಾಕಿಕೊಂಡಳು.