ಗ್ಯಾರೇಜಿನ ನೆಲ ಡೊಂಕು

ಮಧುಗಿರಿ ಬೆಟ್ಟದ ಮಗ್ಗುಲಲ್ಲಿರುವ ಓಬಳಯ್ಯನ ಗ್ಯಾರೇಜಿನಲ್ಲಿ ಒಂದು ಕಟ್ಟಳೆ. ಬ್ರೇಕಿನ ಕೆಲಸಕ್ಕೆ ಬಂದ ಗಾಡಿ ಮೂಡಲಿಗೆ, ಅಂದರೆ ಸೂರ್ಯನಿಗೆ ಮುಖ ಮಾಡಿಯೇ ನಿಲ್ಲಬೇಕು. ಚಕ್ರದ ಮುಂದೆ ನಿಂಬೆಹಣ್ಣು ಇಡಬೇಕು, ಅದನ್ನು ಓಬಳಯ್ಯನೇ ಇಡಬೇಕು. ಕಣ್ಣು ಮಂಜಾದ ಮೇಲೆ ಅವನ ಸ್ಪ್ಯಾನರು ಮಗಳು ಅನುಪಮಾಳ ಕೈಗೆ ಬಂತು. ನಿಂಬೆಹಣ್ಣು ಮಾತ್ರ ಬರಲಿಲ್ಲ.

ನಿಡುಗಲ್ಲಿನ ರಂಗರಾಜು ತನ್ನ ಅಪ್ಪನ ಕಾಲದ ಅಂಬಾಸಿಡರ್ ತಂದವನು ಓಬಳಯ್ಯನನ್ನು ಕೇಳಲಿಲ್ಲ, ಅನುಪಮಾ ಯಾರು ಎಂದು ಕೇಳಿದ. ಅವಳ ಹೆಸರಿಗೆ ಬಂದ ಮೊದಲ ಗಾಡಿ ಅದು. ಅವಳು ಒಳಗೊಳಗೇ ಹಿಗ್ಗಿದಳು. ಡ್ರೈವರ್ ಕಾಲಡಿಯ, ಬ್ರೇಕಿನ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಸೋರುತ್ತಿತ್ತು. ಬಿಚ್ಚಿ ಹೊಸ ರಬ್ಬರು ಹಾಕಿದಳು. ಸೋರುವುದು ನಿಂತಿತು, ಆದರೆ ಪೆಡಲ್ ಮೆತ್ತಗಾಯಿತು.

ಮರುದಿನ ಮಧ್ಯಾಹ್ನ ರಂಗರಾಜು ಬಂದು ಪೆಡಲ್ ತುಳಿದು ನೋಡಿದ. "ಏಮ್ಮಾ, ಇದು ಬ್ರೇಕೋ ಹತ್ತಿ ಹಾಸಿಗೇನೋ? ಸಂಜೆಗೆ ಸಿರಾದ ಗುಜರಿಯೋನ್ಗೆ ಬಾ ಅಂದಿವ್ನಿ. ಆಗ್ದಿದ್ರೆ ಇಲ್ಲಿಂದ್ಲೇ ಎಳ್ಕೊಂಡೋಗ್ಲಿ."

"ಬರ್ಲಿ ಬುಡಿ, ಟೀ ಕುಡ್ಸಿ ಕಳಿಸ್ತೀನಿ," ಎಂದಳು ಅನುಪಮಾ.

ಅವಳೂ ತುಳಿದಳು. ಎರಡು ಸಲ ಬಡಿದರೆ ಪೆಡಲ್ ಮೇಲೇಳುತ್ತಿತ್ತು. ಒತ್ತಿ ಹಿಡಿದರೆ ಇಳಿಯುತ್ತಿರಲಿಲ್ಲ, ಹಾಗಾದರೆ ಸೋರಿಕೆಯಲ್ಲ. ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ತುಳಿದರೆ ಮತ್ತೆ ಮೆತ್ತಗೆ. ಎಣ್ಣೆಯೊಳಗೆ ಗಾಳಿ ಸೇರಿದೆ, ಅನುಮಾನವೇ ಇಲ್ಲ. ನಾಲ್ಕೂ ಚಕ್ರದ ಬ್ರೇಕಿನಿಂದ ಗಾಳಿ ತೆಗೆದಾಗಿತ್ತು. ಉಳಿದದ್ದು ಎಲ್ಲಿ ಅಡಗಿದೆ?

ಅವಳು ಗಾಡಿಯ ಕೆಳಗೆ ಮಲಗಿ ಸಿಲಿಂಡರ್ ತಡವುತ್ತಿದ್ದಾಗ ಓಬಳಯ್ಯ ಹೊಸ ನಿಂಬೆಹಣ್ಣು ತಂದಿಟ್ಟ. ಮಂಜುಗಣ್ಣಿಗೆ ಚಕ್ರದ ಅಂದಾಜು ಸಿಗಲಿಲ್ಲ. ಹಣ್ಣು ಗಾಡಿಯಡಿ ಉರುಳಿ, ಅವಳ ಕಿವಿಯ ಪಕ್ಕದಲ್ಲೇ ಹಾದು, ಹಿಂದಿನ ಚಕ್ರಕ್ಕೆ ತಗುಲಿ ನಿಂತಿತು.

ಅನುಪಮಾ ಹಣ್ಣನ್ನೇ ನೋಡಿದಳು. ಬೆಟ್ಟ ಇರುವುದು ಮೂಡಲಿಗೆ, ನೆಲವೂ ಆ ಕಡೆಗೆ ಏರು. ಗಾಡಿಯ ಮೂತಿ ಏರಿಗೆ, ಸಿಲಿಂಡರಿನ ಮೂತಿಯೂ ಏರಿಗೆ. ಗಾಳಿ ಎತ್ತರದ ತುದಿಯಲ್ಲಿ ಕೂತಿದೆ, ಅದು ಎಣ್ಣೆಯ ಡಬ್ಬಿಗೆ ಹೊರಡಬೇಕಾದ ತೂತು ಹಿಂದೆ ತಗ್ಗಿನಲ್ಲಿದೆ. ಇನ್ನು ಹೋಗು ಅಂದರೆ ಎಲ್ಲಿಗೆ ಹೋದೀತು!

ಹೊರಗೆ ಬಂದು ಮೈ ಕೊಡವಿದಳು. "ಅಪ್ಪಾ, ಗಾಡಿ ಪಡುವಲಿಗೆ ತಿರುಗಿಸ್ತೀನಿ. ನಮ್ಮ ನೆಲ ಡೊಂಕು."

ಓಬಳಯ್ಯನ ಮುಖ ಗಂಟಿಕ್ಕಿತು. "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ಈ ಗ್ಯಾರೇಜ್ನಾಗೆ ಯಾವತ್ತಾದ್ರೂ ಅಂಗೆ ನಿಲ್ಸಿದ್ದುಂಟೇನ್ಲೇ?"

"ಕುಣಿಯೋಕೂ ಬತ್ತದೆ ಕಣಪ್ಪಾ, ನೆಲಾನೂ ಡೊಂಕೇ."

ಅಪ್ಪನ ಮಾತು ಮೀರುವುದು ಅವಳಿಗೂ ಹಗುರವಾಗಿರಲಿಲ್ಲ. ಆದರೂ ರಂಗರಾಜುವಿನ ಕೈಲಿ ತಳ್ಳಿಸಿ ಗಾಡಿ ತಿರುಗಿಸಿದಳು. ಈಗ ಮೂತಿ ಇಳಿಜಾರಿಗೆ. ಅವನನ್ನೇ ಕೂರಿಸಿ ಪೆಡಲನ್ನು ನಿಧಾನವಾಗಿ ಒತ್ತಿಸಿ, ಬಿಡಿಸಿದಳು. ಎಣ್ಣೆಯ ಡಬ್ಬಿಯಲ್ಲಿ ಗುಳುಗುಳು ಎಂದು ಗುಳ್ಳೆಗಳು ಎದ್ದವು. ಗುಳ್ಳೆ ನಿಂತ ಮೇಲೆ ರಂಗರಾಜು ಒಮ್ಮೆ ಜೋರಾಗಿ ತುಳಿದ. ಪೆಡಲ್ ಅರ್ಧದಲ್ಲೇ ಕಲ್ಲಿನಂತೆ ನಿಂತಿತು. ಅವನು ಫೋನ್ ತೆಗೆದು ಗುಜರಿಯವನಿಗೆ ಬರಬೇಡ ಅಂದ.

ಆಮೇಲೆ ಓಬಳಯ್ಯನ ಕಡೆ ತಿರುಗಿ ನಕ್ಕ. "ನಿಮ್ಮ ಕಟ್ಟಳೆ ಕೆಟ್ಟೋಯ್ತಲ್ಲ ಯಜಮಾನ್ರೇ?"

ಓಬಳಯ್ಯ ಹಣೆಗೆ ಕೈ ಅಡ್ಡ ಹಿಡಿದು ಪಡುವಣಕ್ಕೆ ನೋಡಿದ. ಹೊತ್ತಿಳಿದು ಬಿಸಿಲು ನೇರ ಮುಖಕ್ಕೇ ಬೀಳುತ್ತಿತ್ತು.

"ಯಾಕೆ ಕೆಡ್ತದೆ? ಸೂರ್ಯ ಈಗ ಅಲ್ಲೇ ಅವ್ನಲ್ಲ," ಎಂದ.

ಹಿಂದಿನ ಚಕ್ರದ ಹತ್ತಿರ ತಡಕಾಡಿ ನಿಂಬೆಹಣ್ಣು ಹುಡುಕಿದ. ಪಂಚೆಯ ತುದಿಯಲ್ಲಿ ಒರೆಸಿ ಮಗಳ ಮುಂದೆ ಹಿಡಿದ.

"ತಗಾ, ಇನ್ಮ್ಯಾಕೆ ನೀನೇ ಇಡು."